ಗಂಧದ ಪೆಟ್ಟಿಗೆಯ ಪಕ್ಕದಲ್ಲಿ ನಿಂತವರು

ಸೊರಬದ ಗುಡಿಗಾರರ ಜಗಲಿಗೆ ಕಾಲಿಡುವ ಮೊದಲೇ ಗಂಧ ಎದುರಿಗೆ ಬರುತ್ತದೆ. ಊದುಬತ್ತಿಯಲ್ಲಿ, ಸಾಬೂನಿನಲ್ಲಿ ಸಿಗುವ ಗಂಧ ಇದರ ಮುಂದೆ ತೀರ ತೆಳು. ಆಗಷ್ಟೇ ಗರಗಸಕ್ಕೆ ಸಿಕ್ಕ ಚೇಗಿನ ಬೆಚ್ಚಗಿನ, ತುಸು ಒಗರಾದ ವಾಸನೆ ಇದು. ಅಂಗಿಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ. ಚಾಪೆಯ ಮೇಲೆ ಕುಳಿತ ಹಿರಿಯರು ಎಡಗಾಲಿನ ಹೆಬ್ಬೆರಳಲ್ಲಿ ಹಲಗೆಯನ್ನು ಒತ್ತಿ ಹಿಡಿದಿದ್ದಾರೆ. ಕೈಯಲ್ಲಿ ದಬ್ಬಣದಷ್ಟು ಸಪೂರವಾದ ಉಳಿ. ಪಕ್ಕದಲ್ಲಿ ಬಟ್ಟೆಯ ಮೇಲೆ ಹರವಿಕೊಂಡ ಇನ್ನೂ ಇಪ್ಪತ್ತು ಮೂವತ್ತು ಉಳಿಗಳು, ಒಂದಕ್ಕಿಂತ ಒಂದು ಸಣ್ಣ. ಕೊಡತಿಯ ಪೆಟ್ಟು ಎಷ್ಟು ಮೆಲ್ಲಗೆ ಬೀಳುತ್ತದೆಂದರೆ ಹೊರಗಿನ ಗುಬ್ಬಿಯ ಸದ್ದೇ ಅದಕ್ಕಿಂತ ದೊಡ್ಡದು. ಹಲಗೆಯ ಮೇಲೆ ಬಳ್ಳಿಯೊಂದು ಸುತ್ತಿ ಸುತ್ತಿ ಮೇಲೇರುತ್ತಿದೆ. ಪ್ರತಿ ಸುತ್ತಿನೊಳಗೂ ಒಂದು ಪ್ರಾಣಿ: ಆನೆ, ನವಿಲು, ಯಾಳಿ. ಎಲೆಯ ಅಂಚು ಮಡಚಿಕೊಂಡ ಕಡೆ ಬೆರಳಿಟ್ಟರೆ ಅದು ಮರವೆಂಬುದೇ ಮರೆತುಹೋಗುತ್ತದೆ.

ಮುಗಿದ ಪೆಟ್ಟಿಗೆಯೊಂದನ್ನು ಕೈಗೆ ಕೊಟ್ಟರು. ನಾಲ್ಕು ಮಗ್ಗುಲು ನೋಡಿ, ಮುಚ್ಚಳ ತೆಗೆದು ನೋಡಿ, ಕೊನೆಗೆ ತಿರುವಿ ತಳ ನೋಡಿದೆ. ತಳ ನುಣ್ಣಗಿತ್ತು, ಖಾಲಿ.

"ನಿಮ್ಮ ಹೆಸರು ಎಲ್ಲಿ ಹಾಕ್ತೀರಿ?" ಎಂದೆ.

"ಹೆಸರು ಯಾಕೆ ಸಾರ್? ಅಲ್ಲಿ ಅಂಗಡಿಯೋರ ಚೀಟಿ ಅಂಟಿಸ್ತಾರೆ," ಎಂದರು. ಬೇಸರದಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಮತ್ತೆ ಉಳಿ ಹಿಡಿದರು.

ಆ ಖಾಲಿ ತಳ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಗುಡಿಗಾರರು ಸೊರಬ, ಸಾಗರ, ಬನವಾಸಿ, ಸಿದ್ಧಾಪುರ, ಶಿರಸಿ, ಕುಮಟಾ, ಹೊನ್ನಾವರದ ಕಡೆ ಹರಡಿಕೊಂಡ ಬೆರಳೆಣಿಕೆಯ ಮನೆತನಗಳವರು. ಗಂಧದಲ್ಲಿ, ಹಿಂದೆ ದಂತದಲ್ಲೂ, ಕೆತ್ತಿದ ಕೈಗಳೇ ಬೆಂಡಿನಲ್ಲಿ ಮದುವೆಯ ಬಾಸಿಂಗವನ್ನೂ ಮಾಡುತ್ತವೆ. ಗಂಧದ ಮರ ಮಾತ್ರ ಎಂದೂ ಅವರದಾಗಿರಲಿಲ್ಲ. ಟಿಪ್ಪುವಿನ ಕಾಲದಲ್ಲೇ ಅದು ಅರಮನೆಯ ಸ್ವತ್ತಾಗಿತ್ತು. ಆಮೇಲೆ ಮೈಸೂರು ಸರ್ಕಾರದ ಸ್ವತ್ತಾಯಿತು. ನಮ್ಮ ಹಿತ್ತಿಲಲ್ಲೇ ಹುಟ್ಟಿದರೂ ಮರ ಬಹುಕಾಲ ಸರ್ಕಾರದ್ದೇ ಆಗಿತ್ತು. ಸರ್ಕಾರದ ಗಂಧದ ಕೋಠಿಯಿಂದ ತೂಕ ಹಾಕಿಸಿ ತಂದ ತುಂಡಿನಲ್ಲಿ ಕೆತ್ತಬೇಕಿತ್ತು, ಚೂರುಪಾರಿಗೂ ಲೆಕ್ಕ ಇಡಬೇಕಿತ್ತು. ಹಾಗೆ ಕೆತ್ತಿದ ಪೆಟ್ಟಿಗೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಗಾಡಿ ಹತ್ತಿ, ರೈಲು ಹತ್ತಿ, ಹಡಗು ಹತ್ತಿ ಲಂಡನ್ನಿನವರೆಗೂ ಹೋದವು. ವಸ್ತುಪ್ರದರ್ಶನಗಳಲ್ಲಿ ಮೈಸೂರಿನ ಗಂಧದ ಕೆಲಸವೆಂದರೆ ಜನ ನಿಂತು ನೋಡುತ್ತಿದ್ದರು. ಅಂಥ ಪೆಟ್ಟಿಗೆಗಳು ಇಂದಿಗೂ ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಒಳಗಿವೆ. ಮುಂದಿಟ್ಟ ಹಲಗೆಯಲ್ಲಿ ಬಹುಪಾಲು ಕಾಣುವುದು ಮರದ ಹೆಸರು, ಸೀಮೆಯ ಹೆಸರು, ಶತಮಾನ, ಅಷ್ಟೇ.

ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಹೋಯಿತು, ಸರಿ. ಅದನ್ನು ಇಟ್ಟ ಅದೇ ಪ್ರದರ್ಶನದ ಅಂಗಳಗಳಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಮನುಷ್ಯರನ್ನೂ ಇಟ್ಟಿದ್ದರು.

1886ರ ಮೇ 4ರಂದು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ವಿಕ್ಟೋರಿಯಾ ರಾಣಿ ವಸಾಹತು ಮತ್ತು ಇಂಡಿಯಾ ವಸ್ತುಪ್ರದರ್ಶನವನ್ನು ತೆರೆದಳು. ನವೆಂಬರಿನವರೆಗೆ ಸುಮಾರು 55 ಲಕ್ಷ ಜನ ನೋಡಿದರು. ಕಟ್ಟಿಸಿದ ಅರಮನೆಯೊಂದರ ಅಂಗಳದ ಸುತ್ತ ಸಣ್ಣ ಸಣ್ಣ ಮಳಿಗೆಗಳು. ಒಂದರಲ್ಲಿ ರತ್ನಗಂಬಳಿ ನೇಯುವವನು, ಒಂದರಲ್ಲಿ ಜರತಾರಿಯವನು, ಒಂದರಲ್ಲಿ ಮಿಠಾಯಿಯವನು, ಒಂದರಲ್ಲಿ ತಿಗರಿ ತಿರುಗಿಸುವ ಕುಂಬಾರ. ಒಟ್ಟು ಮೂವತ್ತನಾಲ್ಕು ಮಂದಿ. ಇಂಡಿಯಾದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಕುಲಕಸುಬು ಮಾಡಿಕೊಂಡು ಬಂದವರು ಎಂದು ನೋಡುಗರು ತಿಳಿದುಕೊಂಡರು. ಅವರಲ್ಲಿ ಬಹಳ ಜನ ಬಂದದ್ದು ಆಗ್ರಾದ ಸೆರೆಮನೆಯಿಂದ. ಕಸುಬು ಕಲಿತದ್ದೂ ಅಲ್ಲೇ, ಕೈದಿಗಳಾಗಿ. ಕರೆತಂದವರು ಆ ಸೆರೆಮನೆಯ ಮೇಲಧಿಕಾರಿ ಜಾನ್ ವಿಲಿಯಂ ಟೈಲರ್.

ಆ ಅಂಗಳ ನನ್ನ ಕಣ್ಣಿಗೆ ಹೀಗೆ ಕಟ್ಟುತ್ತದೆ. ಬೆಳಗಾಗುತ್ತಲೇ ಬಾಗಿಲು ತೆಗೆಯುತ್ತಾರೆ. ಕುಂಬಾರ ಮಣ್ಣು ಕಲಸುತ್ತಾನೆ. ಅವನು ಬಲ್ಲ ಮಣ್ಣಲ್ಲ, ನೀರೂ ಬೇರೆ, ಬಿಸಿಲಂತೂ ಇಲ್ಲವೇ ಇಲ್ಲ. ಕಟಕಟೆಯ ಆಚೆ ಕೊಡೆ ಹಿಡಿದವರು, ಗರಿಯ ಟೋಪಿ ಇಟ್ಟವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಮಡಕೆ ಎದ್ದು ನಿಂತಾಗ ಅವರಿಗೆ ಖುಷಿ. ಅವನು ಉಗುಳಿದರೂ, ಆಕಳಿಸಿದರೂ, ಪಕ್ಕದವನ ಜೊತೆ ಮಾತಾಡಿದರೂ ಅಷ್ಟೇ ಖುಷಿ. ನಮ್ಮೂರಲ್ಲಿ ಕುಂಬಾರರ ಕೇರಿಗೆ ಹೋದವರು ಮಡಕೆ ಬಡಿದು ನೋಡಿ, ಬೆಲೆಗೆ ಜಗ್ಗಾಡಿ, ಹೋದ ಸಲ ಕೊಟ್ಟದ್ದು ಸೋರಿತು ಎಂದು ಜಗಳ ತೆಗೆದು ಮನೆಗೆ ಒಯ್ಯುತ್ತಾರೆ. ಅಲ್ಲಿ ಕುಂಬಾರ ಮಾತಾಡುವವನು, ಮರುಮಾತು ಕೊಡುವವನು. ಲಂಡನ್ನಿನಲ್ಲಿ ಅವನ ಜೊತೆ ಜಗಳವಾಡುವವರು ಒಬ್ಬರೂ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಉಸಿರು ಕಟ್ಟುತ್ತದೆ.

ಆ ಕುಂಬಾರನ ಹೆಸರು ಬಕ್ಷೀರಾಮ. ವಯಸ್ಸು 102 ಎಂದು ಬರೆದುಕೊಂಡಿದ್ದರು. ಹೆಸರು ನಮ್ಮವರೆಗೆ ಉಳಿದು ಬಂದದ್ದು ರಾಣಿಯ ಮನಸ್ಸಿಗೆ ಬಂದದ್ದರಿಂದ. ರುಡಾಲ್ಫ್ ಸ್ವೊಬೊಡಾ ಎಂಬ ಆಸ್ಟ್ರಿಯಾದ ಚಿತ್ರಕಾರನಿಂದ ಅವಳು ಕೆಲವು ಕುಶಲಕರ್ಮಿಗಳ ಮುಖಚಿತ್ರ ಬರೆಸಿದಳು. ಆ ಚಿತ್ರಗಳು ಅವಳ ಆಸ್ಬೋರ್ನ್ ಮನೆಯ ಗೋಡೆಗೆ ಹೋದವು. ಬಕ್ಷೀರಾಮನ ಬಿಳಿ ಗಡ್ಡ, ಕುಗ್ಗಿದ ಭುಜ, ದಣಿದ ಕಣ್ಣು. ಸ್ವೊಬೊಡಾ ಪ್ರಾಮಾಣಿಕ ಚಿತ್ರಕಾರ, ಆ ದಣಿವನ್ನು ಮರೆಮಾಚಲಿಲ್ಲ.

ಮಿಠಾಯಿಯವನೆಂದು ಅದೇ ಅಂಗಳ ಸೇರಿದ ತುಲಸೀರಾಮನ ಕಥೆ ಇನ್ನೂ ಕರುಳು ಹಿಂಡುವಂಥದ್ದು. ಅವನು ಪಂಜಾಬಿನ ಹಳ್ಳಿಯ ರೈತ. ಜಮೀನಿನ ವ್ಯಾಜ್ಯದಲ್ಲಿ ನ್ಯಾಯ ಸಿಗದೆ, ರಾಣಿಯನ್ನೇ ಕಂಡು ಹೇಳಿಕೊಳ್ಳುತ್ತೇನೆಂದು ಸಮುದ್ರ ದಾಟಿ ಲಂಡನ್ನಿಗೆ ಹೋಗಿದ್ದ. ಬೀದಿ ಅಲೆದ, ಪೊಲೀಸರ ಕೈಗೆ ಸಿಕ್ಕಿಬಿದ್ದ. ಅಹವಾಲು ಹಿಡಿದು ಹೋದವನನ್ನು ಆ ಊರು ಕೊನೆಗೆ ಪ್ರದರ್ಶನಕ್ಕೆ ಕೂರಿಸಿತು.

ಆ ಪ್ರದರ್ಶನದ ಹಿಂದಿನ ವರ್ಷ, 1885ರ ಚಳಿಗಾಲದಲ್ಲಿ, ಲಂಡನ್ನಿನ ಲಿಬರ್ಟಿ ಎಂಬ ವ್ಯಾಪಾರದ ಮನೆತನ ಬ್ಯಾಟರ್‌ಸೀ ಪಾರ್ಕಿನಲ್ಲಿ ಒಂದು 'ಇಂಡಿಯನ್ ಹಳ್ಳಿ' ಹೂಡಿತ್ತು. ನೇಕಾರರು, ಕಸೂತಿಯವರು, ಹಾವಾಡಿಗರು, ದೊಂಬರು, ಕುಣಿಯುವ ಹೆಂಗಸರು, ಎಲ್ಲ ಸೇರಿ ನಲವತ್ತು ದಾಟಿದ ಮಂದಿ. ರೇಷ್ಮೆ, ಶಾಲು ಮಾರುವ ಅಂಗಡಿಗೆ ಅದೊಂದು ಜೀವಂತ ಜಾಹೀರಾತು. ಲಂಡನ್ನಿನ ಡಿಸೆಂಬರಿನಲ್ಲಿ ತೆಳು ಬಟ್ಟೆಯ ಹಳ್ಳಿ ನಡೆಯುವುದಾದರೂ ಹೇಗೆ? ಚಳಿಗೆ ಕಂಗೆಟ್ಟರು, ಕೊಟ್ಟ ಮಾತಿನಂತೆ ನಡೆಸಿಕೊಳ್ಳಲಿಲ್ಲವೆಂದು ತಿರುಗಿ ನಿಂತರು, ವ್ಯವಹಾರ ವಕೀಲರವರೆಗೆ ಹೋಯಿತು.

1886ರ ಪ್ರದರ್ಶನಕ್ಕೆ ಇಂಡಿಯಾ ಸರ್ಕಾರದ ಅಧಿಕಾರಿಯಾಗಿಯೇ ಹೋದವರು ಕಲ್ಕತ್ತದ ತ್ರೈಲೋಕ್ಯನಾಥ ಮುಖೋಪಾಧ್ಯಾಯ. ಇಂಗ್ಲಿಷ್ ಬಲ್ಲವರು, ಪಟ್ಟಿ ಬರೆಯುವವರು, ವಸ್ತುಗಳ ವಿವರ ಹೇಳುವವರು. ಅವರನ್ನೂ ಜನ ಮುತ್ತಿಕೊಂಡು ನೋಡಿದರು. ಅವರ ಬಗ್ಗೆ ಅವರ ಎದುರಿಗೇ ಮಾತಾಡಿಕೊಂಡರು. ಊರಿಗೆ ಮರಳಿ 1889ರಲ್ಲಿ ಬರೆದ ಪ್ರವಾಸದ ಪುಸ್ತಕದಲ್ಲಿ ಆ ಅನುಭವವನ್ನು ಅವರು ಬಿಡಿಸಿ ಹೇಳಿದ್ದಾರೆ. ಕಟಕಟೆಯ ಯಾವ ಕಡೆ ನಿಂತಿದ್ದೀರಿ ಎಂಬುದನ್ನು ಅಲ್ಲಿ ಹುದ್ದೆಯೂ ತೀರ್ಮಾನಿಸುತ್ತಿರಲಿಲ್ಲ.

ಮನುಷ್ಯರನ್ನು ನೋಟಕ್ಕೆ ಇಡುವ ಈ ಚಟ ಇಂಡಿಯಾದವರ ಮೇಲೆ ಮಾತ್ರ ನಡೆದದ್ದಲ್ಲ. ನಮ್ಮವರ ಪಾಡೇ ಎಷ್ಟೋ ವಾಸಿ. 1810ರಲ್ಲಿ ದಕ್ಷಿಣ ಆಫ್ರಿಕಾದಿಂದ ಕರೆದೊಯ್ದ ಸಾರಾ ಬಾರ್ಟ್‌ಮನ್‌ಳನ್ನು ಲಂಡನ್ನಿನ ಪಿಕಾಡಿಲಿಯಲ್ಲಿ ಕಾಸಿಗೆ ತೋರಿಸಿದರು. ಅವಳು 1815ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಮೇಲೂ ಬಿಡಲಿಲ್ಲ. ದೊಡ್ಡ ವಿಜ್ಞಾನಿಯೆನಿಸಿದ ಕುವಿಯೇ ಅವಳ ಶವ ಕೊಯ್ದ. ಅವಳ ಎಲುಬು, ದೇಹದ ಅಚ್ಚು 1970ರ ದಶಕದವರೆಗೂ ವಸ್ತುಸಂಗ್ರಹಾಲಯದಲ್ಲಿ ಜನರ ಕಣ್ಣೆದುರಿಗೆ ಇದ್ದವು. ನೆಲ್ಸನ್ ಮಂಡೇಲಾ ಕೇಳಿಕೊಂಡು ವರ್ಷಗಳೇ ಕಳೆದ ಮೇಲೆ, 2002ರ ಆಗಸ್ಟ್ 9ರಂದು, ತಾಯ್ನಾಡಿನ ಹ್ಯಾಂಕಿಯಲ್ಲಿ ಅವಳಿಗೆ ಮಣ್ಣು ಸಿಕ್ಕಿತು.

ಜರ್ಮನಿಯ ಹ್ಯಾಂಬರ್ಗಿನ ಕಾರ್ಲ್ ಹಾಗೆನ್‌ಬೆಕ್ ಮೃಗಗಳ ವ್ಯಾಪಾರಿ. ಮೃಗಗಳ ಮಾರಾಟ ಇಳಿದಾಗ, 1870ರ ದಶಕದಲ್ಲಿ, ಹಿಮಸಾರಂಗಗಳ ಜೊತೆಗೆ ಅವನ್ನು ಸಾಕುವ ಉತ್ತರದ ಜನರನ್ನೂ ಕುಟುಂಬಸಮೇತ ತರಿಸಿ ತೋರಿಸಿದ. ಜನ ನುಗ್ಗಿದರು. ಆಮೇಲೆ ಸುಡಾನಿನವರು, ಸಿಂಹಳದವರು ಎಂದು ತಂಡದ ಮೇಲೆ ತಂಡ ಬಂತು. 1880ರಲ್ಲಿ ಅವನ ಏಜೆಂಟು ಲ್ಯಾಬ್ರಡಾರಿನಿಂದ ಎಂಟು ಮಂದಿ ಇನ್ಯೂಟ್ ಜನರನ್ನು ಕರೆತಂದ. ಅವರಲ್ಲಿ ಅಬ್ರಹಾಂ ಎಂಬವನು ಓದು ಬರಹ ಬಲ್ಲವನು, ಪಿಟೀಲು ನುಡಿಸುವವನು, ಮಿಶನರಿಗಳ ಅಂಗಡಿಯ ಸಾಲ ತೀರಿಸಬೇಕೆಂದು ಹಡಗು ಹತ್ತಿದವನು. ಹೆಂಡತಿ ಉಲ್ರಿಕೆ, ಇಬ್ಬರು ಪುಟ್ಟ ಹೆಣ್ಣುಮಕ್ಕಳು ಜೊತೆಗಿದ್ದರು. ಹ್ಯಾಂಬರ್ಗಿನಲ್ಲಿ, ಬರ್ಲಿನ್ನಿನಲ್ಲಿ, ಪ್ರಾಗಿನಲ್ಲಿ ಬೇಲಿಯೊಳಗೆ ಕೂತು ಅವನು ತನ್ನ ನುಡಿಯಲ್ಲಿ ದಿನಚರಿ ಬರೆದ. ನೋಡಲು ಬರುವ ಜನಜಂಗುಳಿ, ಬಾಗಿಲು ಒತ್ತಿ ಒಳನುಗ್ಗುವ ಗದ್ದಲ, ಊರಿನ ಹಂಬಲ, ಎಲ್ಲ ಅದರಲ್ಲಿದೆ. ಸಿಡುಬಿನ ಚುಚ್ಚುಮದ್ದು ಹಾಕಿಸಬೇಕೆಂದು ಯಾರಿಗೂ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ. 1881ರ ಜನವರಿ ಮುಗಿಯುವುದರೊಳಗೆ ಎಂಟೂ ಮಂದಿ ಸತ್ತರು. ಬೇಲಿಯ ಹೊರಗಿನವರು ಬರೆದ ಪುಟಗಳು ಸಾವಿರಗಟ್ಟಲೆ ಇವೆ. ಒಳಗಿನಿಂದ ಬರೆದವರು ತೀರ ವಿರಳ. ಅಬ್ರಹಾಮನ ಆ ಕೆಲವೇ ಪುಟಗಳನ್ನು ನಾನು ಯಾವ ಚರಿತ್ರೆಯ ಗ್ರಂಥಕ್ಕಿಂತಲೂ ಮೇಲೆ ಇಡುತ್ತೇನೆ.

1897ರಲ್ಲಿ ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡ್ 267 ಮಂದಿ ಕಾಂಗೋದವರನ್ನು ಟೆರ್‌ವ್ಯೂರೆನ್ನಿನ ಉದ್ಯಾನಕ್ಕೆ ತರಿಸಿದ. ಆ ಬೇಸಿಗೆ ಮಳೆಯಲ್ಲೇ ಕಳೆಯಿತು, ಏಳು ಮಂದಿ ಸತ್ತರು. ಇವೆಲ್ಲ ಬಹಳ ಹಿಂದಿನ ಕತ್ತಲ ಕಾಲದ ಮಾತೆಂದುಕೊಳ್ಳುವಂತಿಲ್ಲ. 1958ರಲ್ಲಿ, ನಮ್ಮ ರಾಜ್ಯ ಒಂದಾಗಿ ಎರಡು ವರ್ಷವಾಗಿದ್ದಾಗ, ಬ್ರಸೆಲ್ಸಿನ ಜಾಗತಿಕ ಮೇಳದಲ್ಲಿ ಬಿದಿರಿನ ಬೇಲಿ ಕಟ್ಟಿ ಒಳಗೆ ಕಾಂಗೋದ ಕುಶಲಕರ್ಮಿಗಳನ್ನು ಕೂರಿಸಿದ್ದರು. ನೋಡುಗರು ಬೇಲಿಯಾಚೆಯಿಂದ ನಾಣ್ಯ ಎಸೆದರು, ಬಾಳೆಹಣ್ಣು ಎಸೆದರು. ಆ ಕುಶಲಕರ್ಮಿಗಳು ಜುಲೈ ಹೊತ್ತಿಗೆ ಕೆಲಸ ನಿಲ್ಲಿಸಿ ಎದ್ದು ಊರಿಗೆ ಹೊರಟುಬಿಟ್ಟರು. ಬೇಲಿ ಖಾಲಿಯಾಯಿತು. ಈ ಇಡೀ ಚರಿತ್ರೆಯಲ್ಲಿ ನನಗೆ ಉಸಿರು ಹಗುರಾಗುವ ಘಳಿಗೆ ಅದೊಂದೇ.

ಸೊರಬದಿಂದ ಶಿಕಾರಿಪುರದ ಕಡೆ ಹೊರಟರೆ ದಾರಿಯುದ್ದಕ್ಕೂ ಕಲ್ಲುಗಳು. ಕೆರೆ ಏರಿಯ ಮೇಲೆ, ಗುಡಿಯ ಗೋಡೆಗೊರಗಿ, ಹುಣಸೆಮರದ ಬುಡದಲ್ಲಿ, ಕೆಲವೊಮ್ಮೆ ಬಟ್ಟೆ ಒಗೆಯುವ ಹಾಸುಗಲ್ಲಾಗಿ. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿದಾಗ ಶಿವಮೊಗ್ಗ ಜಿಲ್ಲೆಯೊಂದಕ್ಕೇ ಎರಡು ದಪ್ಪ ಸಂಪುಟ ಬೇಕಾದವು. ಅವುಗಳಲ್ಲಿ ವೀರಗಲ್ಲುಗಳೇ ರಾಶಿ ರಾಶಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಒಯ್ಯುವುದು, ಮೇಲೆ ಲಿಂಗದೆದುರು ಅವನು ಕೈಮುಗಿದು ಕುಳಿತದ್ದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರ.

ಆ ಅಕ್ಷರದಲ್ಲಿ ಏನಿರುತ್ತದೆ? ಯಾವ ವರ್ಷ, ಯಾರ ಆಳ್ವಿಕೆ, ಯಾವ ಊರು, ಯಾರ ಮಗ, ಯಾಕೆ ಸತ್ತ. ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತರೆ ತುರುಗೋಳು. ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತರೆ ಪೆಣ್ಬುಯ್ಯಲು. ಊರಿಗೆ ಊರೇ ಹಾಳಾಗುವಾಗ ನಿಂತು ಕಾದಿ ಸತ್ತರೆ ಊರಳಿವು. ಸತ್ತವನು ಸಾಮಂತನಾಗಬೇಕಿರಲಿಲ್ಲ. ನಾಲ್ಕು ಎಮ್ಮೆ ಬಿಡಿಸಿಕೊಂಡು ಬರಲು ಹೋದ ಹಳ್ಳಿಗನಿಗೂ ಒಂದು ಕಲ್ಲು, ಕಲ್ಲಿನಲ್ಲೊಂದು ಹೆಸರು.

ಕೆತ್ತಿದವನೂ ಹೆಸರು ಬಿಡುತ್ತಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ಇನ್ನೂ ನಿಂತಿದೆ, 1047ರದು. ಆ ಊರಿನ ದಾಸೋಜ ಎಂಬ ರೂವಾರಿ ಮಗ ಚಾವಣನನ್ನು ಕರೆದುಕೊಂಡು ಬೇಲೂರಿಗೆ ಹೋದ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ನಾವು ಕತ್ತೆತ್ತಿ ನೋಡುವ ಮದನಿಕೆಯರಲ್ಲಿ ಕೆಲವರು ಈ ತಂದೆ ಮಗನ ಕೈಯಿಂದ ಬಂದವರು. ಅದು ನಮಗೆ ಗೊತ್ತಿರುವುದು ಮೂರ್ತಿಯ ಪೀಠದಲ್ಲಿ ಅವರು ಹೆಸರು ಕೆತ್ತಿರುವುದರಿಂದ. ಊರಿನ ಹೆಸರು, ಬಿರುದು ಎಲ್ಲವೂ ಅದರಲ್ಲಿವೆ. ಒಂಬೈನೂರು ವರ್ಷದ ಹಿಂದೆ ಬಳ್ಳಿಗಾವಿಯವನೊಬ್ಬ ತನ್ನ ಕೆಲಸದ ಕೆಳಗೆ ಎದೆಯುಬ್ಬಿಸಿ ಹೆಸರು ಹಾಕಿದ. ಅಲ್ಲಿಂದ ಅರ್ಧ ದಿನದ ನಡಿಗೆಯಷ್ಟು ದೂರದ ಸೊರಬದಲ್ಲಿ ಇಂದು ಪೆಟ್ಟಿಗೆಯ ತಳ ಚೀಟಿಗಾಗಿ ಕಾಯುತ್ತಿದೆ. ನಡುವೆ ಏನೋ ಕಳೆದುಹೋಗಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹಾಗೆಂದು ನಮ್ಮ ಸೀಮೆಯನ್ನು ಹೊಗಳಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಇದೇ ಸೊರಬ ತಾಲ್ಲೂಕಿನಲ್ಲಿ ಚಂದ್ರಗುತ್ತಿಯ ಬೆಟ್ಟವಿದೆ, ಮೇಲೆ ಗುಹೆಯಲ್ಲಿ ರೇಣುಕಾಂಬೆ. ಬಡವರು, ಅದರಲ್ಲೂ ಕೆಳಗಿಟ್ಟ ಕೇರಿಗಳವರು, ಹರಕೆ ಹೊತ್ತು ವರದೆಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಹತ್ತುತ್ತಿದ್ದರು. ಹರಕೆ ಹೊತ್ತವರಿಗೆ ಅದು ಭಯಭಕ್ತಿ. ದಾರಿಯ ಎರಡೂ ಮಗ್ಗುಲಲ್ಲಿ ನೋಡಲೆಂದೇ ಬಂದು ನೆರೆದವರಿಗೆ ಅದು ಏನಾಗಿತ್ತು? ದೂರದ ಊರುಗಳಿಂದ ಕ್ಯಾಮೆರಾ ಹಿಡಿದು ಬರುತ್ತಿದ್ದರು. ದಲಿತ ಸಂಘರ್ಷ ಸಮಿತಿಯವರು ಈ ಪದ್ಧತಿ ನಿಲ್ಲಬೇಕೆಂದು ಹೋರಾಡಿದರು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ತಿರುಗಿಬಿತ್ತು. ಹೊಡೆದರು, ಬಟ್ಟೆ ಕಿತ್ತರು, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಲಂಡನ್ನಿನ ಆ ಅಂಗಳಕ್ಕೆ ಸರಿಯಾಗಿ ನೂರು ವರ್ಷವಾಗಿತ್ತು. ಬೆಟ್ಟ ಹತ್ತುವ ಹೆಂಗಸಿನ ಹೆಸರನ್ನು ಆ ಕ್ಯಾಮೆರಾದವರು ಕೇಳಿದ್ದರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸೊರಬದ ಗಡಿ ದಾಟಿದರೆ ಉತ್ತರ ಕನ್ನಡ. ಅಲ್ಲಿನ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಿನಂಚಿನಲ್ಲಿ ಸಿದ್ದಿಗಳಿದ್ದಾರೆ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು, ಅರಬರು ಗುಲಾಮರಾಗಿ ತಂದವರ ಮಕ್ಕಳ ಮಕ್ಕಳು. ನಾಲ್ಕುನೂರು ವರ್ಷಕ್ಕೂ ಮೇಲಾಯಿತು. ಕನ್ನಡ, ಕೊಂಕಣಿ, ಮರಾಠಿ ಅವರ ಮನೆಮಾತಿನೊಳಗೆ ಬೆರೆತಿವೆ. ಆದರೂ ಪೇಟೆಗೆ ಬಂದ ಸಿದ್ದಿ ಹುಡುಗನನ್ನು ಬಸ್ಸಿನಲ್ಲಿ ಪಕ್ಕದವರು ಕೇಳುವುದು ಯಾವ ದೇಶ ಎಂದು. ಅವನು ಅಚ್ಚ ಘಟ್ಟದ ಕನ್ನಡದಲ್ಲಿ ಉತ್ತರ ಕೊಟ್ಟರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತದೆ. ಉತ್ಸವದ ಮೆರವಣಿಗೆಗೆ ಅವರನ್ನು ಕರೆಸಿದಾಗ ಸೊಪ್ಪು ಸುತ್ತಿ, ಮುಖಕ್ಕೆ ಬಿಳಿ ಬಣ್ಣದ ಗೆರೆ ಎಳೆಸಿ ನಡೆಸುವುದನ್ನು ನಾನೇ ಕಂಡಿದ್ದೇನೆ. ಮನೆಯಲ್ಲಿ ಅವರು ಹಾಗೆ ಇರುವುದಿಲ್ಲ. ಡಮಾಮಿ ಬಡಿದು ಕುಣಿಯುವಾಗ ಸೀರೆ ಉಟ್ಟಿರುತ್ತಾರೆ, ಅಂಗಿ ತೊಟ್ಟಿರುತ್ತಾರೆ. ಸೊಪ್ಪು ಬೇಕಾದದ್ದು ನೋಡುವವರಿಗೆ.

ಅದೇ ಸಿದ್ದಿಗಳು 1980ರ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆಯವರ ಜೊತೆ ನಾಟಕ ಆಡಿದರು. ಹೆಗ್ಗೋಡಿನ ನೀನಾಸಮ್ಮಿನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಇಂದು ರಂಗಭೂಮಿಯಲ್ಲಿ, ಸಿನಿಮಾದಲ್ಲಿ ಹೆಸರಿನಿಂದ ಗುರುತಾದವರು. 2003ರಲ್ಲಿ ಅವರ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿ ಸೇರಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ರಂಗದ ಮೇಲೂ ಜನ ನೋಡುತ್ತಾರೆ, ಹೌದು. ಅಲ್ಲಿ ಮಾತು ಯಾವುದು, ಬೆಳಕು ಯಾವಾಗ, ಪರದೆ ಎಲ್ಲಿ ಎಂಬುದರಲ್ಲಿ ನಟನಿಗೂ ಪಾಲಿದೆ. ಆಟ ಮುಗಿದ ಮೇಲೆ ಬಣ್ಣ ತೊಳೆದು ಅವನು ಮನೆಗೆ ಹೋಗುತ್ತಾನೆ. ಬಕ್ಷೀರಾಮನಿಗೆ ತೊಳೆಯಲು ಬಣ್ಣವೇ ಇರಲಿಲ್ಲ.

ವೀರಗಲ್ಲುಗಳಿರುವ ಶಿಕಾರಿಪುರದ ಕಡೆಯ ಆ ದಾರಿಯಲ್ಲಿ ಮುಂದುವರಿದು ಈಸೂರು ಎಂಬ ಹಳ್ಳಿ ತಲುಪಿದಾಗ ಬಿಸಿಲು ಬಾಗಿತ್ತು. ಅಂಗಳಗಳಲ್ಲಿ ಜೋಳದ ತೆನೆ ಹರವಿದ್ದರು, ಹೆಂಗಸರು ಕಾಲಲ್ಲಿ ತಿರುವುತ್ತಿದ್ದರು. ಹುತಾತ್ಮರ ಸ್ಮಾರಕದ ಹತ್ತಿರ ಶಾಲೆ ಬಿಟ್ಟ ಹುಡುಗರು ಸೈಕಲ್ ಒರಗಿಸಿ ನಿಂತಿದ್ದರು.

1942ರ ಸೆಪ್ಟೆಂಬರಿನಲ್ಲಿ ಈ ಊರು ತಾನು ಸ್ವತಂತ್ರವಾಯಿತೆಂದು ಸಾರಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತು ಹುಟ್ಟಿದ್ದು ಆಗ. ವೀರಭದ್ರನ ಗುಡಿಯ ಮೇಲೆ ಬಾವುಟ ಏರಿತು. ಊರವರು ತಮ್ಮದೇ ಸರ್ಕಾರ ಮಾಡಿಕೊಂಡು ಮೀಸೆ ಮೂಡದ ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಕೂರಿಸಿದರು. ಎಳೆಯರನ್ನು ಸೆರೆಗೆ ಹಾಕಲಾರರು ಎಂಬ ಲೆಕ್ಕ. ಸರ್ಕಾರದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ 28ರಂದು ಊರಿಗೆ ಬಂದಾಗ ಜನ ಅವರ ಮುಂದೆ ಗಾಂಧಿ ಟೋಪಿ ಹಿಡಿದರು, ಹಾಕಿಕೊಳ್ಳಿ ಎಂದರು. ಅಷ್ಟು ಕಾಲ ದೊರೆಗಳ ಕಡೆಯವರು ಬಂದು ರೈತರನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದರು. ಅಂದು ಊರೇ ಸುತ್ತುಗಟ್ಟಿ ಅವರನ್ನು ನೋಡಿತು. ಮಾತು ಬೆಳೆಯಿತು, ಲಾಠಿ ಎದ್ದಿತು, ಗುಂಡು ಹಾರಿತು, ಗದ್ದಲದಲ್ಲಿ ಆ ಇಬ್ಬರೂ ಸತ್ತರು. ಅವರೂ ಈ ನೆಲದ ಮಕ್ಕಳೇ. ಅವರ ಹೆಸರನ್ನೂ ನಾನು ಬಿಡಲಾರೆ.

ಆಮೇಲೆ ಪಡೆ ಬಂತು. ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. ವಿಚಾರಣೆ ನಡೆದು, 1943ರ ಮಾರ್ಚಿನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರನ್ನು ನೇಣಿಗೆ ಹಾಕಿದರು. ನೇಣು ಬ್ರಿಟಿಷರದಲ್ಲ, ಮೈಸೂರು ಸರ್ಕಾರದ್ದು. ಹೆಂಗಸರೂ ಸೆರೆಗೆ ಹೋದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಜೀವಾವಧಿ ಶಿಕ್ಷೆ ಹೊತ್ತವರು.

ಹುಡುಗರಲ್ಲಿ ಒಬ್ಬನನ್ನು ಕರೆದು ಹೆಸರು ಓದಲು ಹೇಳಿದೆ. ಅವನು ಕಲ್ಲಿನ ಕಡೆ ನೋಡಲೂ ಇಲ್ಲ, ಬಾಯಿಪಾಠ. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಮಗ್ಗಿ ಹೇಳುವಂತೆ ಒಂದೇ ಉಸಿರಿಗೆ ಹೇಳಿ ಸೈಕಲ್ ಹತ್ತಿದ. ಆಚಾರಿ ಎಂಬುದು ಈ ಕಡೆ ಮರ, ಕಬ್ಬಿಣ, ಚಿನ್ನದ ಕೆಲಸದ ಮನೆಗಳ ಹೆಸರು. ದಾಸೋಜನ ಹೆಸರಿನ ಕೊನೆಯಲ್ಲಿರುವ 'ಓಜ'ವೂ ಅಂಥದ್ದೇ. ಊರಳಿವಿನಲ್ಲಿ ಬಿದ್ದವರ ಹೆಸರು ಕಲ್ಲಿಗೆ ಏರುವ ಈ ಸೀಮೆಯ ಪದ್ಧತಿ ಇಲ್ಲಿ ತಪ್ಪಿಲ್ಲ.

ಸ್ಮಾರಕದ ಆಚೆ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಹೊತ್ತು ಮುಳುಗುವ ಬೆಳಕು ಅವಳ ಮುಖದ ಸುಕ್ಕುಗಳೊಳಗೆ ಇಳಿದಿತ್ತು, ಮೂಗುಬೊಟ್ಟು ಮಿನುಗುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ಫೋನ್ ತೆಗೆದು ಎತ್ತಿ ಹಿಡಿದೆ, ಚೌಕಟ್ಟಿನೊಳಗೆ ಅವಳು ಸರಿಯಾಗಿ ಕೂತಳು.

"ಯಾವೂರು ತಮ್ಮಾ ನಿಂದು?" ಎಂದಳು ಅಜ್ಜಿ.

ಹೇಳಿದೆ.

"ಯಾರ ಪೈಕಿ?"

ಫೋನ್ ಇಳಿಸಿದೆ. ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ತಾಯಿಯ ತವರು ಯಾವುದೆಂದು ಹೇಳಿದೆ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ, ತನಗೆ ಗೊತ್ತಿರುವ ಮನೆಗಳ ನಡುವೆ ನನ್ನನ್ನು ಎಲ್ಲಿ ಕೂರಿಸುವುದೆಂದು ಹುಡುಕುತ್ತಿದ್ದಳು. ನಮ್ಮ ಕಡೆಯ ಯಾವುದೋ ಊರಿಗೆ ಅವಳ ನಾದಿನಿಯನ್ನು ಕೊಟ್ಟಿದ್ದರಂತೆ. ಆ ಮನೆಯವರು ಈಗ ಹೇಗಿದ್ದಾರೆ ಎಂದು ಕೇಳಿದಳು.

"ಅಜ್ಜೀ, ನಿನ್ನ ಹೆಸರು?" ಎಂದೆ.

ಹೇಳಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ, ಊಟ ಆತಾ ಎಂದು ಕೇಳಿದಳು.